ಹಲ್ಲಿಲ್ಲದ ಹವಳ

ಕೆಲಸ ಮುಗಿದ ಮೇಲೆ ಕೈ ತೊಳೆಯುವವರು ಊರ ತುಂಬ ಇದ್ದಾರೆ. ಬ್ರಷ್ಷಕ್ಕ ಕೆಲಸಕ್ಕೆ ಮೊದಲು ತೊಳೆಯುತ್ತಾಳೆ. ಬೆಳಿಗ್ಗೆ ಒಂಬತ್ತಕ್ಕೆ ಮ್ಯೂಸಿಯಮ್ಮಿನ ಹಿಂಬಾಗಿಲು ತೆರೆದು ಒಳಗೆ ಬಂದವಳು ಚೀಲವನ್ನು ಗೂಟಕ್ಕೆ ತೂಗುಹಾಕಿ, ತೋಳು ಮಡಚಿ, ನಲ್ಲಿಯ ಕೆಳಗೆ ಎರಡೂ ಕೈ ಒಡ್ಡುತ್ತಾಳೆ. ಒಂದು ಸಲ ಬರೀ ನೀರು, ಒಂದು ಸಲ ಸೋಪು, ಮತ್ತೊಂದು ಸಲ ಬರೀ ನೀರು. ಉಗುರಿನ ಸಂದಿಯನ್ನು ಕಡ್ಡಿಯಿಂದ ಕೆರೆದು, ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಾಳೆ. ಯಾವ ವಾಸನೆಯೂ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ತೊಟ್ಟಿಯ ಮುಚ್ಚಳಕ್ಕೆ ಕೈ ಹಾಕುವುದು. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ಮನೆಯಿಂದ ಬಾಟಲಿಯಲ್ಲಿ ನೀರು ತಂದು ತೊಳೆದಿದ್ದಾಳೆ.

ಹೇಗೂ ಹೊಲಸಿಗೇ ಹೋಗುವ ಕೈ, ಅದಕ್ಕೇಕೆ ಇಷ್ಟು ಶೃಂಗಾರ ಎಂದು ಗೇಟಿನ ಕಾವಲುಗಾರ ಒಮ್ಮೆ ನಕ್ಕಿದ್ದ. ಬ್ರಷ್ಷಕ್ಕ ಹೇಳಿದ್ದು ಇಷ್ಟೆ: ಹೊಲಸು ಹವಳದ್ದಲ್ಲ, ಸಾವಿನದು, ಆ ಜೀವ ತನ್ನ ಮನೆಯನ್ನು ಚೊಕ್ಕಟವಾಗಿಯೇ ಕಟ್ಟಿಕೊಂಡಿತ್ತು, ಬೇರೆಯವರ ಮನೆಗೆ ಹೋಗುವಾಗ ಕಾಲು ಒರೆಸಿಕೊಂಡು ಹೋಗುವುದಿಲ್ಲವೇ. ಕಾವಲುಗಾರ ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ತೊಟ್ಟಿಯ ಹತ್ತಿರ ಬರುವ ಧೈರ್ಯವನ್ನೂ ಮಾಡಲಿಲ್ಲ.

ಹವಳ ಎಂದರೆ ಉಂಗುರದ ಕೆಂಪು ಮಣಿ ಎಂದುಕೊಂಡವರು ಆ ತೊಟ್ಟಿಯ ಮುಚ್ಚಳವನ್ನು ಒಮ್ಮೆ ತೆರೆಯಬೇಕು. ಬಿಸಿಲ ಸೀಮೆಯ ಕಡಲ ದಂಡೆಗೆ ಅಲೆ ತಂದು ಎಸೆಯುವ ಕಲ್ಲು ಹವಳ ಬೇರೆಯೇ. ಸಾವಿರಾರು ಸಣ್ಣ ಜೀವಗಳು ಒಟ್ಟಿಗೆ ಕೂತು, ಉಗುರಿನಷ್ಟಗಲದ ಗೂಡುಗಳನ್ನು ಸುಣ್ಣದಲ್ಲಿ ಕಟ್ಟಿಕೊಂಡು, ಕೊನೆಗೆ ಒಂದು ಕುಂಬಳಕಾಯಿಯಷ್ಟು ದೊಡ್ಡ ಊರನ್ನೇ ಎಬ್ಬಿಸಿರುತ್ತವೆ. ಬದುಕಿರುವಾಗ ಅದರ ಮೇಲೆ ತೆಳುವಾದ ಮಾಂಸದ ಹೊದಿಕೆ. ಸತ್ತ ಮೇಲೆ ಆ ಮಾಂಸ ಕೊಳೆಯುತ್ತದೆ. ಕೊಳೆತದ್ದನ್ನು ತೊಳೆದು, ಒಳಗಿನ ಬಿಳಿ ಮನೆಯನ್ನು ಕಪಾಟಿನಲ್ಲಿಡುವುದು ಬ್ರಷ್ಷಕ್ಕನ ಕೆಲಸ. ಸಿಹಿನೀರಿನಲ್ಲಿ ಹತ್ತು ದಿನ ನೆನೆಹಾಕಬೇಕು, ದಿನಕ್ಕೆರಡು ಸಲ ನೀರು ಬದಲಿಸಬೇಕು. ಮೂರನೆಯ ದಿನ ನೀರಿನ ಮೇಲೆ ಬೂದುಬಣ್ಣದ ಕೆನೆ ಕಟ್ಟುತ್ತದೆ. ಐದನೆಯ ದಿನ ಸಂದಿಗೊಂದಿಗಳಲ್ಲಿ ಅಡಗಿದ್ದ ಹುಳು, ಸಣ್ಣ ಏಡಿ, ಸಿಗಡಿ ಎಲ್ಲ ಸತ್ತು ತೇಲುತ್ತವೆ. ಏಳನೆಯ ದಿನದ ನಾತವನ್ನು ಬಣ್ಣಿಸಲು ಹೋದರೆ ಬಾಯಿಯೇ ಕೆಡುತ್ತದೆ. ಹತ್ತು ಮುಗಿದ ಮೇಲೆ ಮೆತ್ತಗಿನ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದೇ ಗೂಡನ್ನು ಉಜ್ಜಿ, ಬಿಸಿಲಿಗಿಟ್ಟರೆ ಮುಗಿಯಿತು. ಅವಳ ಅಂಗಿಯ ಮೇಲ್ಜೇಬಿನಲ್ಲಿ ಯಾವಾಗಲೂ ಎರಡು ಬ್ರಷ್ಷು ಇಣುಕುತ್ತಿದ್ದವು. ಹಾಗಾಗಿ ಅವಳು ಎಲ್ಲರ ಬಾಯಲ್ಲಿ ಬ್ರಷ್ಷಕ್ಕ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಹೇಸಿಗೆ ಅವಳ ಹುಟ್ಟುಗುಣ. ಬೇರೆಯವರ ಲೋಟದಲ್ಲಿ ನೀರು ಕುಡಿದವಳಲ್ಲ. ಬಸ್ಸಿನ ಕಂಬಿಯನ್ನು ಕರವಸ್ತ್ರ ಸುತ್ತಿ ಹಿಡಿಯುವವಳು. ತಟ್ಟೆಯಲ್ಲಿ ಒಂದು ಕೂದಲು ಕಂಡರೆ ಆ ಹೊತ್ತಿನ ಊಟ ಅಲ್ಲಿಗೆ ಮುಗಿಯಿತು. ಇಂಥವಳಿಗೆ ದೇವರು ಇಂಥ ಕೆಲಸ ಕೊಟ್ಟ. ಯಾಕೆ ಕೊಟ್ಟ ಎಂದು ಅವಳು ಮೊದಮೊದಲು ಅಳುತ್ತ ಕೇಳುತ್ತಿದ್ದಳಂತೆ, ಆಮೇಲೆ ಕೇಳುವುದನ್ನು ಬಿಟ್ಟಳಂತೆ. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ತೊಳೆಸಿ ಬರುತ್ತಿತ್ತು. ಅಂಗಳಕ್ಕೆ ಹೋಗಿ ಗಾಳಿ ಕುಡಿದು ಮರಳುತ್ತಿದ್ದಳು. ಅದಕ್ಕೆ ಮೂವತ್ತೊಂದು ವರ್ಷ ಆಯಿತು. ಈಗಲೂ ಹೋಗುತ್ತಾಳೆ, ಈಗಲೂ ಮರಳುತ್ತಾಳೆ.

ಮ್ಯೂಸಿಯಮ್ಮಿಗೆ ಅವಳು ಬಂದದ್ದು ನೆಲ ಗುಡಿಸುವ ಕೆಲಸಕ್ಕೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಅದಕ್ಕಿಂತ ಹೆಚ್ಚಿನ ಕೆಲಸ ಎಲ್ಲಿಂದ ಬರಬೇಕು. ಆಗಿನ ಮುಖ್ಯಸ್ಥರು, ಅವಳ ಮಾತಿನಲ್ಲಿ 'ಹಳೇ ಸಾಹೇಬ್ರು', ಒಂದು ದಿನ ಅವಳು ಕಪಾಟು ಒರೆಸುವಾಗ ಹವಳಗಳನ್ನು ತನ್ನಷ್ಟಕ್ಕೆ ಜೋಡಿಸಿಟ್ಟದ್ದನ್ನು ಕಂಡರು. ಯಾಕೆ ಹೀಗಿಟ್ಟೆ ಎಂದು ಕೇಳಿದಾಗ ಅವಳು ಹೆದರುತ್ತಲೇ ಹೇಳಿದ್ದಳು: ಇವೆಲ್ಲ ಎರಡು ಮನೆಗೆ ಒಂದೇ ಗೋಡೆ ಇರುವವು, ಅವೆಲ್ಲ ಪ್ರತಿ ಮನೆಗೂ ತನ್ನದೇ ಗೋಡೆ ಇದ್ದು ನಡುವೆ ಓಣಿ ಬಿಟ್ಟಿರುವವು. ಹಳೇ ಸಾಹೇಬರು ಎರಡೂ ಗುಂಪಿನ ಹವಳಗಳನ್ನು ಒಂದೊಂದಾಗಿ ಎತ್ತಿ ನೋಡಿದರಂತೆ. ಕಾಲೇಜಿನ ಹುಡುಗರಿಗೆ ಆ ಒಂದು ಗುಟ್ಟನ್ನು ಕಲಿಸಲು ತನಗೆ ಆರು ತಿಂಗಳು ಬೇಕಾಗುತ್ತದೆ ಎಂದು ಆಮೇಲೆ ಹೇಳಿದರಂತೆ. ಮರುದಿನ ತಮ್ಮ ಭೂತಗನ್ನಡಿಯನ್ನು ಅವಳ ಕೈಗಿಟ್ಟರು.

ಹವಳದ ಗುರುತು ಹಿಡಿಯುವುದನ್ನು ಅವಳು ಹಾಗೆ ಕಲಿತಳು. ಮೊದಲು ಗೋಡೆ ನೋಡಬೇಕು. ಆಮೇಲೆ ಗೂಡಿನ ಒಳಗೆ, ಚಕ್ರದ ಅರಗಳ ಹಾಗೆ ನಡುವಿನತ್ತ ಹೋಗುವ ತೆಳುವಾದ ಹಲಗೆಗಳನ್ನು ನೋಡಬೇಕು. ಅವುಗಳ ಅಂಚಿನಲ್ಲಿ ಹಲ್ಲುಗಳಿವೆಯೇ, ಇದ್ದರೆ ಒರಟೋ ನಯವೋ. ಕಣ್ಣು ಮೋಸ ಮಾಡಬಹುದು, ಆದ್ದರಿಂದ ಕೊನೆಗೆ ಬೆರಳ ತುದಿಯಿಂದ ಸವರಬೇಕು. ಕಡಲ ದಂಡೆಯಲ್ಲಿ ತೀರಾ ಮಾಮೂಲಾಗಿ ಸಿಗುವ ಒಂದು ಜಾತಿಗೆ ಅವಳು ಜೇನುಹಲ್ಲೆ ಎಂದು ಹೆಸರಿಟ್ಟಿದ್ದಳು. ಜೇನುಗೂಡಿನ ಹಾಗೆ ಗೂಡುಗಳು ಒತ್ತಿಕೊಂಡಿರುತ್ತವೆ, ಗೋಡೆ ದಪ್ಪ, ಹಂಚಿಕೊಂಡದ್ದು. ಸವರಿದರೆ ಬೆಕ್ಕಿನ ನಾಲಿಗೆ. ಕತ್ತಲಲ್ಲಿ ಕೊಟ್ಟರೂ ಅವಳು ಅದನ್ನು ಹೇಳಬಲ್ಲಳು.

ಹಳೇ ಸಾಹೇಬರು ಹೋದರು, ಕನ್ನಡಕದ ಸಾಹೇಬರು ಬಂದರು. ಓದಿದವರು, ಮಾತು ಮೆತ್ತಗೆ, ಕೆಟ್ಟವರಲ್ಲ. ಆದರೆ ಅವರು ಯಾವುದನ್ನೂ ಮುಟ್ಟುತ್ತಿರಲಿಲ್ಲ. ತೊಳೆಯುವ ಕೋಣೆಯ ಹೊಸಿಲಿನಲ್ಲೇ ನಿಂತು ಮಾತಾಡುವರು. ಹವಳ ಬೇಕಾದರೆ ಕಾಗದದ ಮೇಲಿಟ್ಟು ತರಿಸಿಕೊಳ್ಳುವರು, ಫೋಟೋ ತೆಗೆದು ಕಂಪ್ಯೂಟರಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡುವರು, ಕಾಗದವನ್ನು ತುದಿಬೆರಳಲ್ಲಿ ಹಿಡಿದು ಬುಟ್ಟಿಗೆ ಹಾಕುವರು. ಹೇಸುವವರನ್ನು ಕಂಡರೆ ಬ್ರಷ್ಷಕ್ಕನಿಗೆ ಸಿಟ್ಟು ಬರುತ್ತಿರಲಿಲ್ಲ, ತಾನೂ ಆ ಜಾತಿಯವಳೇ. ಹೇಸಿಗೆ ಪಟ್ಟೂ ಕೈ ಹಾಕಬಹುದು ಎಂಬುದು ಅವರಿಗೇಕೆ ತಿಳಿಯದು ಎಂದಷ್ಟೇ ಅಂದುಕೊಳ್ಳುತ್ತಿದ್ದಳು.

ಈ ಕತೆಗೆ ಕಾರಣನಾದವನು ಅವಳ ಮೈದುನ. ಅವನದು ದೋಣಿಯ ಕೆಲಸ. ಸ್ನಾನಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಬೆಂಕಿಕಡ್ಡಿಯಲ್ಲಿ ಹಲ್ಲು ಕೆದಕುತ್ತ, ಕೆದಕಿದ್ದನ್ನು ನೋಡುತ್ತ ಮಾತಾಡುವವನು. ಒಂದು ಸೋಮವಾರ ಗೋಣಿಚೀಲವೊಂದನ್ನು ಹೆಗಲ ಮೇಲೆ ಹೊತ್ತು ತಂದು ತೊಳೆಯುವ ಕೋಣೆಯ ನಡುವೆ ಧೊಪ್ಪೆಂದು ಇಳಿಸಿದ. ಚೀಲದ ಅಡಿಯಿಂದ ಕಂದು ನೀರು ಹರಿದು ಅವಳ ಚಪ್ಪಲಿಯ ಕೆಳಗೆ ಬಂತು.

"ಅತ್ತಿಗೆ, ನಿಮಗೆ ಉಡುಗೊರೆ," ಎಂದ.

ಲಂಗರಿಗೆ ಸಿಕ್ಕಿಕೊಂಡು ಕಿತ್ತುಬಂದದ್ದಂತೆ. ಬಂದಾಗ ಜೀವಂತ ಇತ್ತಂತೆ. ವಾಪಸು ಎಸೆಯಬಹುದಿತ್ತಲ್ಲ ಎಂದು ಅವಳು ಕೇಳಿದ್ದಕ್ಕೆ, ಅತ್ತಿಗೆಗೆ ಇಷ್ಟ ಅಂತ ಇಟ್ಟುಕೊಂಡೆ ಎಂದು ಹಲ್ಲು ಕಿಸಿದ. ಇಟ್ಟುಕೊಂಡದ್ದು ಎಲ್ಲಿ ಎಂದರೆ ದೋಣಿಯ ಮೂಲೆಯಲ್ಲಿ, ಹಳೆಯ ಬಲೆಯ ಕೆಳಗೆ, ಮಾರಾಟವಾಗದ ಮೀನಿನ ಜೊತೆ, ಸುಡುಬಿಸಿಲಿನಲ್ಲಿ ಮೂರು ದಿನ.

ಚೀಲದ ಬಾಯಿ ಬಿಚ್ಚಿದಾಗ ಬ್ರಷ್ಷಕ್ಕ ಮೂವತ್ತೊಂದು ವರ್ಷದಲ್ಲಿ ಕಾಣದ್ದನ್ನು ಕಂಡಳು. ಮೂಗಿನ ಸಿಂಬಳದಂಥ ಲೋಳೆ ಎಳೆಎಳೆಯಾಗಿ ಜೋತುಬಿದ್ದಿತ್ತು. ಮೀನಿನ ಕರುಳು ಗೂಡುಗಳಿಗೆ ಅಂಟಿತ್ತು. ಅದರ ಮೇಲೆ ನೊಣ, ನೊಣದ ಮೊಟ್ಟೆ, ಮೊಟ್ಟೆ ಒಡೆದು ಬಂದ ಬಿಳಿ ಹುಳು. ಅವಳು ಅಂಗಳಕ್ಕೆ ಓಡಿದಳು. ಆ ದಿನ ಗಾಳಿಯೊಂದೇ ಸಾಲಲಿಲ್ಲ. ಬೆಳಗಿನ ತಿಂಡಿ ಗೋಡೆಯ ಬುಡಕ್ಕೆ ಹೋಯಿತು. ಹಿಂದಿನಿಂದ ಮೈದುನ, ಇಷ್ಟು ವರ್ಷ ಆದ್ರೂ ಅತ್ತಿಗೆ ಇನ್ನೂ ಹೊಸ ಮದುಮಗಳ ಹಾಗೆ ಆಡ್ತಾರೆ ಎಂದು ಕಾವಲುಗಾರನಿಗೆ ಹೇಳಿ ನಗುತ್ತಿದ್ದ.

ಆದರೂ ನೆನೆಹಾಕಿದಳು. ಮಂಗಳವಾರ ನಾಲ್ಕು ಸಲ ನೀರು ಬದಲಿಸಿದಳು. ಬುಧವಾರ ನಾತ ಮೆಟ್ಟಿಲು ಹತ್ತಿತು. ಗುರುವಾರ ಕಚೇರಿಯ ಬಾಗಿಲು ತಲುಪಿತು. ಅದೇ ಗುರುವಾರ ಮ್ಯೂಸಿಯಂ ನೋಡಲು ಮೂರು ಜನ ದೊಡ್ಡ ಮನೆಯ ಹೆಂಗಸರು ಬಂದಿದ್ದರು. ಕನ್ನಡಕದ ಸಾಹೇಬರು ತಾವೇ ಮುಂದೆ ನಿಂತು ತೋರಿಸುತ್ತಿದ್ದರು. ಬ್ರಷ್ಷಕ್ಕ ಆ ಹೊತ್ತಿಗೆ ಒಣಗಿದ ಶಂಖಗಳ ತಟ್ಟೆ ಹಿಡಿದು ಹಜಾರಕ್ಕೆ ಬಂದಳು. ಮೂವರೂ ಒಟ್ಟಿಗೆ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. ಒಬ್ಬಾಕೆ ಎರಡು ಹೆಜ್ಜೆ ಹಿಂದೆ ಸರಿದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾತ ತೊಟ್ಟಿಯದು ಎಂದು ಸಾಹೇಬರು ಹೇಳಬಹುದಿತ್ತು. ಅವರು ಹೇಳಿದ್ದು, "ನೀವು ಸ್ವಲ್ಪ ಆ ಕಡೆ ಹೋಗಿ."

ದಿನಾ ಕೈ ಮೂಸಿ ನೋಡಿಕೊಂಡು ಕೆಲಸಕ್ಕೆ ಇಳಿಯುವವಳ ಮುಂದೆ ಮೂರು ಕರವಸ್ತ್ರ. ಬೇರೆಯವರಿಗೆ ಅದು ಏನೂ ಅಲ್ಲ. ಅವಳಿಗೆ ಮುಖದ ಮೇಲೆ ಉಗುಳಿಸಿಕೊಂಡ ಹಾಗಾಯಿತು. ತೊಳೆಯುವ ಕೋಣೆಗೆ ಬಂದವಳೇ ಬಾಗಿಲು ಹಾಕಿಕೊಂಡಳು. ತೊಟ್ಟಿಯಲ್ಲಿ ಅದು ಕೆನೆ ಹೊದ್ದು, ಗುಳ್ಳೆ ಬಿಡುತ್ತ ಮಲಗಿತ್ತು. ಇನ್ನೂ ಆರು ದಿನ. ಪಕ್ಕದ ಕಕ್ಕಸಿನ ಮೂಲೆಯಲ್ಲಿ ನೆಲ ತೊಳೆಯುವ ಆ್ಯಸಿಡ್ಡಿನ ಬಾಟಲಿ ಇತ್ತು. ಸುಣ್ಣದ ಮೇಲೆ ಆ್ಯಸಿಡ್ ಬಿದ್ದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಹಳೇ ಸಾಹೇಬರು ಮೊದಲ ದಿನವೇ ಹೇಳಿದ್ದ ಮಾತು ಅದು. ಗೊತ್ತಿದ್ದೂ ಹವಳವನ್ನು ಬೋಗುಣಿಗೆ ಹಾಕಿ ಬಾಟಲಿ ಬಗ್ಗಿಸಿದಳು.

ಬುಸ್ಸೆಂದು ನೊರೆ ಎದ್ದಿತು. ಹುಳು, ಲೋಳೆ, ಕರುಳು ಎಲ್ಲ ಕರಗಿ ಕಂದು ನೊರೆಯಾಗಿ ಉಕ್ಕಿತು. ನಾತದ ಮೇಲೆ ಇನ್ನೊಂದು ಖಾರದ ನಾತ ಬಂದು ಕಣ್ಣು ಉರಿಯಿತು. ಅದನ್ನು ಕಂಡು ತನಗೆ ಒಂದು ಬಗೆಯ ಸಂತೋಷವಾಯಿತು ಎಂದು ಅವಳು ಆಮೇಲೆ ಒಪ್ಪಿಕೊಂಡಳು. ಸಾಯಲಿ ಅನ್ನಿಸಿತಂತೆ, ಸತ್ತದ್ದನ್ನು ನೋಡಿ. ಬುದ್ಧಿ ಬಂದು ಇಕ್ಕಳದಿಂದ ಎತ್ತಿ ನಲ್ಲಿಗೆ ಹಿಡಿಯುವಷ್ಟರಲ್ಲಿ ಐದಾರು ನಿಮಿಷ ಕಳೆದಿತ್ತು. ಹವಳ ಬೆಳ್ಳಗೆ ಹೊಳೆಯುತ್ತಿತ್ತು. ನಾತದ ಸುಳಿವೂ ಇರಲಿಲ್ಲ. ಅವಳು ಅದನ್ನು ಸವರಿ ನೋಡದೆ ಬಿಸಿಲಿಗಿಟ್ಟು ಮನೆಗೆ ಹೋದಳು.

ಶನಿವಾರ ಕನ್ನಡಕದ ಸಾಹೇಬರು ಅದನ್ನು ಕಂಡರು. ಕಾಗದದ ಮೇಲೆ ತರಿಸಿಕೊಂಡು, ಫೋಟೋ ತೆಗೆದು, ಇಡೀ ದಿನ ಪರದೆಯ ಮುಂದೆ ಕೂತರು. ಸೋಮವಾರ ತಾವಾಗಿಯೇ ತೊಳೆಯುವ ಕೋಣೆಯ ಹೊಸಿಲಿಗೆ ಬಂದರು. ಮುಖ ಅರಳಿತ್ತು. ಈ ಹವಳ ಎಲ್ಲಿಯದು ಎಂದು ಕೇಳಿ ತಿಳಿದುಕೊಂಡು ವಿವರಿಸತೊಡಗಿದರು. ಗೂಡುಗಳ ಜೋಡಣೆ ಒಂದು ಮಾಮೂಲು ಜಾತಿಯ ಹಾಗಿದೆ, ಗೋಡೆಗಳು ಮಾತ್ರ ಕಾಗದದಷ್ಟು ತೆಳು. ಎಲ್ಲಕ್ಕಿಂತ ದೊಡ್ಡ ವಿಷಯ, ಹಲಗೆಗಳ ಅಂಚಿನಲ್ಲಿ ಒಂದೇ ಒಂದು ಹಲ್ಲಿಲ್ಲ. ಯಾವ ಪುಸ್ತಕದಲ್ಲೂ ಇಂಥದ್ದಿಲ್ಲ. ನಮ್ಮ ದಂಡೆಯ ಹೊಸ ಜಾತಿ.

ಬ್ರಷ್ಷಕ್ಕನ ಕೈಯಿಂದ ಬ್ರಷ್ಷು ತೊಟ್ಟಿಗೆ ಬಿತ್ತು. ಅದನ್ನು ಅವರು ಆನಂದ ಎಂದುಕೊಂಡರು.

"ನಿಮ್ಮ ಹೆಸರೇ ಇಡೋಣ ಅಂತಿದೀನಿ ಅಕ್ಕ," ಎಂದರು. "ಹೊಸ ಜಾತಿಗೆ ಯಾರದ್ದಾದ್ರೂ ಹೆಸರಿಡೋ ಪದ್ಧತಿ ಇದೆ. ಮೂವತ್ತು ವರ್ಷ ಇದನ್ನೆಲ್ಲ ತೊಳೆದಿದೀರಿ. ನಿಮ್ಮದಲ್ಲದೆ ಇನ್ಯಾರದ್ದು?"

ಅದು ಬೆಣ್ಣೆಮಾತಾಗಿರಲಿಲ್ಲ. ಅವರು ನಿಜವಾಗಿಯೇ ಅಂದಿದ್ದರು, ಕಷ್ಟ ಇದ್ದದ್ದು ಅಲ್ಲೇ. ಕಪಾಟುಗಳಲ್ಲಿ ಆರುನೂರು ಹವಳಗಳಿದ್ದವು. ಒಂದೊಂದರ ಕೆಳಗೂ ಹುಡುಕಿದವರ ಹೆಸರು, ಗುರುತಿಸಿದವರ ಹೆಸರು, ದಾನ ಕೊಟ್ಟವರ ಹೆಸರು. ತೊಳೆದವರ ಹೆಸರಿಗೆ ಜಾಗವೇ ಇರಲಿಲ್ಲ. ಅವಳು ಅದನ್ನು ಯಾರ ಹತ್ತಿರವೂ ಹೇಳಿಕೊಂಡವಳಲ್ಲ, ಆದರೆ ಚೀಟಿಗಳ ಧೂಳು ಒರೆಸುವಾಗ ಪ್ರತಿ ಸಲ ಓದುತ್ತಿದ್ದಳು. ಈಗ ಒಂದು ಜಾತಿಗೇ ತನ್ನ ಹೆಸರು, ದೂರದ ದೇಶದ ಪುಸ್ತಕಗಳಲ್ಲಿ, ತಾನು ಸತ್ತ ಮೇಲೂ. ಬಾಯಿ ತೆರೆದರೆ ಅದು ಹೋಗುತ್ತದೆ, ಜೊತೆಗೆ ಮೂವತ್ತೊಂದು ವರ್ಷ ಗಳಿಸಿದ ಮಾನವೂ ಹೋಗುತ್ತದೆ. ಮುಚ್ಚಿಕೊಂಡರೆ ಕಕ್ಕಸಿನ ಆ್ಯಸಿಡ್ಡಿಗೆ ಹುಟ್ಟಿದ ಜಾತಿಗೆ ತನ್ನ ಹೆಸರು ನಿಲ್ಲುತ್ತದೆ.

ಆ ದಿನ ಅವಳು ಬಾಯಿ ಮುಚ್ಚಿಕೊಂಡಳು. ಮರುದಿನವೂ.

ಸುದ್ದಿ ಬೀದಿಗೆ ಬರಲು ಎರಡು ದಿನ ಹಿಡಿಯಿತು. ಮೈದುನ ಮನೆಗೇ ಬಂದು ಪಾಲು ಕೇಳಿದ. "ಲಂಗರು ನಂದು, ದೋಣಿ ನಂದು, ಹೆಸರು ಮಾತ್ರ ಅತ್ತಿಗೇದಾ? ಅರ್ಧ ನಿಮ್ಮದು ಅರ್ಧ ನಂದು ಸೇರಿಸಿ ಇಡೋಕೆ ಹೇಳಿ." ನೆರೆಯವರು ನಕ್ಕರು. ಅವಳೂ ನಕ್ಕಳು. ನಗುವಾಗ ಬಾಯೊಳಗೆ ಏನೋ ಕೊಳೆತ ರುಚಿ ಬಂದ ಹಾಗಾಗಿ ಒಳಗೆ ಹೋಗಿ ಬಾಯಿ ಮುಕ್ಕಳಿಸಿದಳು. ರುಚಿ ಹೋಗಲಿಲ್ಲ. ಅಂದಿನಿಂದ ಅವಳಿಗೆ ಏನು ತಿಂದರೂ ಹೇಸಿಗೆ. ಹೊಸದಾಗಿ ತೊಳೆದ ಲೋಟದಲ್ಲಿ ಜಿಡ್ಡು ಕಂಡಿತು, ಒಗೆದ ಹಾಸಿಗೆಯಲ್ಲಿ ಬೆವರು ಮೂಗಿಗೆ ಬಡಿಯಿತು. ಇಷ್ಟು ದಿನ ಹೊರಗಿನದ್ದಕ್ಕೆ ಪಡುತ್ತಿದ್ದ ವಾಕರಿಕೆ ಈಗ ತನ್ನ ಚರ್ಮದ ಒಳಗಿಂದಲೇ ಬರುತ್ತಿತ್ತು. ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲದು. ದೇವರಿಗೆ ಮೂಗು ಇದ್ದೀತೇ ಎಂಬ ಹುಚ್ಚು ಯೋಚನೆ ಬಂದು, ತಪ್ಪಾಯಿತು ಎಂದು ಎದ್ದುಬಿಡುತ್ತಿದ್ದಳು.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆಯಂತ್ರ. ಹದಿನೆಂಟು ವರ್ಷದ ಹಿಂದೆ ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾದಾಗಿನಿಂದ ಅವನಿಗೆ ಯಾವ ವಾಸನೆಯೂ ತಿಳಿಯದು. ಅಂಥ ಪೆಟ್ಟು ಬಿದ್ದದ್ದು ನನ್ನ ಪುಣ್ಯ ಎಂದು ಬ್ರಷ್ಷಕ್ಕ ತಮಾಷೆ ಮಾಡುವುದುಂಟು; ಬೇರೆ ಗಂಡಸಾಗಿದ್ದರೆ ತೊಟ್ಟಿಯಿಂದ ಬಂದವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದನೇ. ದೊಡ್ಡ ವಿದ್ವಾಂಸರೊಬ್ಬರು ಹವಳ ನೋಡಲು ಮುಂದಿನ ಶುಕ್ರವಾರ ಬರುತ್ತಾರೆ, ಫೋಟೋ ತೆಗೆಯುತ್ತಾರೆ ಎಂದು ಅವನು ಅವಳಿಗೊಂದು ಹೊಸ ಮೇಲಂಗಿ ಹೊಲಿಯುತ್ತಿದ್ದ. ಅಳತೆ ತೆಗೆಯುವಾಗ ಟೇಪನ್ನು ಅವಳ ಭುಜದ ಮೇಲೆ ಹಾಗೆಯೇ ಬಿಟ್ಟು ಹೇಳಿದ.

"ನಂಗೆ ವಾಸನೆ ಬರಲ್ಲ ಕಣೆ. ಆದ್ರೂ ಎಂಟು ದಿನದಿಂದ ನೀನು ಏನೋ ಕೊಳೆತಿರೋದನ್ನ ಮನೆಗೆ ತರ್ತಿದೀಯ ಅಂತ ಗೊತ್ತಾಗ್ತಿದೆ."

ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕರವಸ್ತ್ರದಿಂದ ಹಿಡಿದು ನೊರೆಯವರೆಗೆ. ಅವನು ಹಾಗೆ ಮಾಡು ಹೀಗೆ ಮಾಡು ಎನ್ನಲಿಲ್ಲ. ಒಮ್ಮೆ ತಾನು ಒಬ್ಬ ಗಿರಾಕಿಯ ಕೋಟಿನ ತೋಳನ್ನು ಅಳತೆ ತಪ್ಪಿ ಗಿಡ್ಡ ಕತ್ತರಿಸಿದ್ದನ್ನು ಹೇಳಿದ. ಈಗ ಇದೇ ಫ್ಯಾಷನ್ ಎಂದು ಸುಳ್ಳು ಹೇಳಿ ಕೊಟ್ಟನಂತೆ. ಆ ಮನುಷ್ಯ ಹೆಮ್ಮೆಯಿಂದ ಅದನ್ನು ವರ್ಷಗಟ್ಟಲೆ ಹಾಕಿಕೊಂಡು ತಿರುಗಿದನಂತೆ. "ಒಳ್ಳೆ ಜೀವ. ಸಿಕ್ಕಾಗೆಲ್ಲ ನಂಗೆ ಕೈ ಮುಗಿಯೋದು, ಆ ಗಿಡ್ಡ ತೋಳಿನ ಕೈಲೇ. ಅವನು ಬರೋ ರಸ್ತೇಲಿ ನಾನು ಹೋಗೋದೇ ಬಿಟ್ಟೆ." ಇಷ್ಟು ಹೇಳಿ ಟೇಪು ಸುತ್ತಿಕೊಂಡು ಯಂತ್ರದ ಮುಂದೆ ಕೂತ.

ಅವಳು ಆಗಲೂ ನಿಶ್ಚಯ ಮಾಡಲಿಲ್ಲ. ನಿಶ್ಚಯ ಮಾಡಿಸಿದವರು ಸಾಹೇಬರೇ, ತಮಗೆ ಗೊತ್ತಿಲ್ಲದೆ. ವಿದ್ವಾಂಸರು ಬರುವ ಹಿಂದಿನ ದಿನ ಮಧ್ಯಾಹ್ನ ಅವಳನ್ನು ಕರೆದು, ಹಜಾರದ ನಡುವಿನ ಗಾಜಿನ ಕಪಾಟು ಖಾಲಿ ಮಾಡಲು ಹೇಳಿದರು. ಹೊಸ ಜಾತಿಗೆ ಆ ಜಾಗ. ಈಗ ಅಲ್ಲಿರುವವು ತೀರಾ ಮಾಮೂಲು, ಎಲ್ಲ ಕಡೆ ಸಿಗುತ್ತವೆ, ಹಿತ್ತಲಿನ ರಾಶಿಗೆ ಹಾಕಿಬಿಡಿ ಎಂದರು.

ಅಲ್ಲಿದ್ದವು ಹನ್ನೊಂದು ಜೇನುಹಲ್ಲೆಗಳು. ಒಂದೊಂದೂ ಅವಳ ಹತ್ತು ದಿನ. ಒಂದು ಅವಳ ಮಗು ತೀರಿಹೋದ ವರ್ಷದ್ದು. ಆ ವರ್ಷ ಅವಳು ಮನೆಗೆ ಹೋಗಲಾರದೆ ಕತ್ತಲಾಗುವವರೆಗೆ ಅದನ್ನು ಉಜ್ಜುತ್ತ ಕೂತಿರುತ್ತಿದ್ದಳು. ಅವುಗಳನ್ನು ಬುಟ್ಟಿಗೆ ತುಂಬುವಾಗ ಬೆರಳು ತಾನಾಗಿಯೇ ಸವರಿತು. ಬೆಕ್ಕಿನ ನಾಲಿಗೆ. ಎರಡನೆಯದೂ. ಮೂರನೆಯದೂ. ಪಕ್ಕದ ಮೇಜಿನ ಮೇಲೆ, ಕಾಗದದ ಹಾಸಿನಲ್ಲಿ, ಹೊಸ ಜಾತಿ ಬೆಳ್ಳಗೆ ಕೂತಿತ್ತು. ಅವಳು ಮೊದಲ ಸಲ ಅದರ ಮೇಲೆ ಬೆರಳಿಟ್ಟಳು. ಸುಣ್ಣದ ಪುಡಿ ಬೆರಳಿಗೆ ಮೆತ್ತಿತು. ಹಲ್ಲು ಉದುರಿದ ವಸಡಿನ ಹಾಗೆ ನುಣ್ಣಗೆ, ನಿರ್ಜೀವವಾಗಿ ಇತ್ತು. ಏಳನೆಯ ದಿನದ ತೊಟ್ಟಿಯೂ ಅವಳಿಗೆ ಇಷ್ಟು ಹೇಸಿಗೆ ತಂದಿರಲಿಲ್ಲ. ಹುಳ ಹರಿದಾಡಿದ್ದ ಹೆಣವನ್ನು ಮುಟ್ಟಿದ್ದಳು, ಅದು ದೇವರ ಲೆಕ್ಕದ ಕೊಳೆ. ಇದು ಅವಳೇ ಮಾಡಿದ್ದು.

ಅವಳು ಬುಟ್ಟಿಯನ್ನು ಹಿತ್ತಲಿಗೆ ಒಯ್ಯಲಿಲ್ಲ. ಹಿತ್ತಲಿನ ರಾಶಿಯಿಂದಲೇ ಒಂದು ಮುರಿದ ಜೇನುಹಲ್ಲೆಯ ತುಂಡನ್ನು ಆರಿಸಿಕೊಂಡು, ಬೋಗುಣಿ ಹಿಡಿದು, ಕಕ್ಕಸಿನ ಬಾಟಲಿಯನ್ನು ಕಂಕುಳಲ್ಲಿ ಇರುಕಿಕೊಂಡು ಕಚೇರಿಯೊಳಕ್ಕೆ ಹೋದಳು. ಹೊಸ ಜಾತಿಯನ್ನು ಕಾಗದವಿಲ್ಲದೆ ನೇರವಾಗಿ ಸಾಹೇಬರ ಮೇಜಿನ ಮೇಲಿಟ್ಟಳು. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಸಾರ್, ಮುಟ್ಟಿ ನೋಡಿ," ಎಂದಳು.

ಅವರು ಬಾಟಲಿಯನ್ನು ನೋಡಿದರು, ಹವಳವನ್ನು ನೋಡಿದರು. ಏನಿದು ಅಕ್ಕ, ನಾಳೆಗೆ ಎಷ್ಟು ಕೆಲಸ ಬಾಕಿ ಇದೆ ಎಂದರು. ಅವಳು ಮತ್ತೆ ಅದನ್ನೇ ಹೇಳಿದಳು. ಅಷ್ಟು ವರ್ಷದಲ್ಲಿ ಅವಳು ಯಾರಿಗೂ ಎರಡು ಸಲ ಹೇಳಿದವಳಲ್ಲ ಎಂಬ ಕಾರಣಕ್ಕೋ ಏನೋ, ಅವರು ಬೆರಳು ಚಾಚಿದರು. ಬಿಸಿ ಬಾಣಲೆ ಮುಟ್ಟುವವರ ಹಾಗೆ ಮುಟ್ಟಿ ತಟ್ಟನೆ ಹಿಂದೆ ತೆಗೆದರು. ಬೆರಳ ತುದಿ ಬೆಳ್ಳಗಾಗಿತ್ತು. ಅವರು ಅದನ್ನು ಪ್ಯಾಂಟಿಗೆ ಒರೆಸಿಕೊಂಡರು.

ಅವಳು ಹವಳವನ್ನು ಬೋರಲು ಮಾಡಿ, ಅಂದು ಬೋಗುಣಿಯಲ್ಲಿ ಆ್ಯಸಿಡ್ಡು ತಾಗದೆ ಉಳಿದಿದ್ದ ಒಂದು ಅಂಚನ್ನು ತೋರಿಸಿದಳು. ಎರಡು ಬೆರಳಗಲದ ಜಾಗ, ಅಷ್ಟೆ. ಇಲ್ಲೂ ಮುಟ್ಟಿ ಎಂದಳು. ಮುಟ್ಟಿದರು. ಈ ಸಲ ಬೆರಳು ಬೇಗ ಹಿಂದೆ ಬರಲಿಲ್ಲ. ಭೂತಗನ್ನಡಿ ಕೊಟ್ಟಳು. ಅವರು ಬಗ್ಗಿ ನೋಡಿದರು. ದಪ್ಪ ಗೋಡೆ, ಎರಡು ಮನೆಗೆ ಒಂದೇ. ಹಲಗೆಯ ಅಂಚಿನಲ್ಲಿ ಗರಗಸದಂಥ ಹಲ್ಲು.

"ಇದು ಒಂದೇ ಹವಳದ ಎರಡು ಭಾಗ ಇರಬಹುದಲ್ಲ," ಎಂದರು, ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎಂಬಂತೆ. "ಮೇಲೆ ನಯ, ಕೆಳಗೆ ಒರಟು."

ಅವಳು ಮುರಿದ ತುಂಡನ್ನು ಬೋಗುಣಿಯಲ್ಲಿಟ್ಟು ಬಾಟಲಿಯ ಮುಚ್ಚಳ ತಿರುಗಿಸಿದಳು.

"ಎರಡು ನಿಮಿಷ ಕೊಡಿ ಸಾರ್. ಇನ್ನೊಂದು ಹೊಸ ಜಾತಿ ಮಾಡಿಕೊಡ್ತೀನಿ."

ನೊರೆ ಎದ್ದಿತು. ಸಾಹೇಬರು ಮೂಗು ಮುಚ್ಚಿಕೊಂಡರು, ಆಮೇಲೆ ಅದನ್ನೂ ಮರೆತರು. ತುಂಡನ್ನು ತೊಳೆದು ಪಕ್ಕದಲ್ಲಿಟ್ಟಾಗ ಅದೂ ನುಣ್ಣಗೆ, ಬೆಳ್ಳಗೆ, ಬೊಚ್ಚುಬಾಯಿ. ಅವರು ಎರಡರ ಮೇಲೂ ಭೂತಗನ್ನಡಿ ಹಿಡಿದು ನೋಡಿದರು. ಅವಳು ನಿಂತೇ ನಡೆದದ್ದನ್ನು ಹೇಳಿದಳು. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ. ಕರವಸ್ತ್ರದ ವಿಷಯವನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳಿದರೆ ತಪ್ಪು ಬೇರೆಯವರದ್ದಾಗಿಬಿಡುತ್ತದೆ ಎಂದು ಅವಳಿಗೆ ಅನ್ನಿಸಿತು.

ಮೊದಲು ಸಾಹೇಬರಿಗೆ ಸಿಟ್ಟು ಬಂತು. ಹದಿನೈದು ದಿನ ಯಾಕೆ ಸುಮ್ಮನಿದ್ದಿರಿ ಎಂದರು. ಹೆಸರಿನ ಆಸೆಗೆ ಎಂದಳು. ಅಷ್ಟು ನೇರವಾದ ಉತ್ತರಕ್ಕೆ ಅವರ ಹತ್ತಿರ ಸಿಟ್ಟು ಉಳಿಯಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ತಾನು ಒಂದೇ ಒಂದು ಸಲ ಇದನ್ನು ಕೈಯಲ್ಲಿ ಹಿಡಿದಿದ್ದರೆ ಸಾಕಿತ್ತು ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ವಿದ್ವಾಂಸರಿಗೆ ಫೋನು ಮಾಡಿ, ಬರುವುದು ಬೇಡ, ಗುರುತಿಸುವುದರಲ್ಲಿ ತಪ್ಪಾಗಿದೆ, ಮಾಮೂಲು ಜಾತಿಯೇ, ವಿವರವನ್ನು ಬರೆದು ಕಳಿಸುತ್ತೇನೆ ಎಂದರು. ಆ ಕಡೆಯಿಂದ ಏನು ಅಂದರೋ, ಇವರ ಕಿವಿ ಕೆಂಪಾಯಿತು.

ಫೋನು ಇಟ್ಟು ದಾಖಲೆಯ ಪುಸ್ತಕ ತೆರೆದರು. ಹೊಸ ಜಾತಿ ಎಂದಿದ್ದ ಸಾಲನ್ನು ಹೊಡೆದುಹಾಕಿದರು. ಪೆನ್ನು ಹಿಡಿದು ಅವಳ ಮುಖ ನೋಡಿದರು. ಅವಳು ಇನ್ನೂ ನಿಂತೇ ಇದ್ದಳು. ಅವರ ದನಿ ಮೆತ್ತಗಾಯಿತು.

"ಅಕ್ಕ, ಇಲ್ಲಿ ಕಾರಣ ಬರೀಬೇಕು. ಅಲೆ ಮತ್ತೆ ಮರಳಿನ ಉಜ್ಜಾಟಕ್ಕೆ ಹಲ್ಲು ಸವೆದಿದೆ ಅಂತ ಬರೀತೀನಿ. ದಂಡೆಗೆ ಬಿದ್ದ ಹವಳಕ್ಕೆ ಹಾಗಾಗೋದುಂಟು. ಯಾರೂ ಕೇಳಲ್ಲ. ನಿಮ್ಮ ಮಾತು ಈ ಕೋಣೆ ದಾಟಲ್ಲ. ಇಷ್ಟು ವರ್ಷದ ಕೆಲಸಕ್ಕೆ ಒಂದು ಕಪ್ಪು ಚುಕ್ಕೆ ಯಾಕೆ?"

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅವಳಿಗೆ ಅದು ತಿಳಿಯಿತು, ಒಂದು ಕ್ಷಣ ಕಣ್ಣು ಮಂಜಾಯಿತು. ತಪ್ಪನ್ನು ಅಲೆಯ ಮೇಲೆ ಹಾಕಿದರೆ ಅಲೆ ಬಂದು ಇಲ್ಲ ಎನ್ನುವುದಿಲ್ಲ.

"ಬೇಡ ಸಾರ್," ಎಂದಳು. "ಮರಳು ಸವೆಸಿದ್ರೆ ಅಂಚು ಮೊದಲು ಸವೀಬೇಕು. ಇಲ್ಲಿ ಅಂಚೇ ಉಳಿದಿದೆ. ನಾಳೆ ಯಾವುದೋ ಕಲಿಯೋ ಮಗು ಇದನ್ನ ನೋಡಿ, ಮರಳು ಹೀಗೆ ಸವೆಸುತ್ತೆ ಅಂತ ಕಲಿಯುತ್ತೆ. ಆ್ಯಸಿಡ್ ಅಂತಲೇ ಬರೀರಿ. ತೊಳೆದಿದ್ದು ಯಾರು ಅಂತಾನೂ ಬರೀರಿ."

ಸಾಹೇಬರು ಇನ್ನೊಮ್ಮೆ ಏನೋ ಹೇಳಲು ಬಾಯಿ ತೆರೆದರು. ಅವಳು ತಲೆ ಅಲ್ಲಾಡಿಸಿದಳು. ಅವರು ಪೆನ್ನನ್ನು ಕಾಗದಕ್ಕೆ ಊರಿದರು. ಅವರು ಬರೆದು ಮುಗಿಸಿ, ಶಾಯಿ ಒಣಗುವವರೆಗೆ ಅವಳು ಮೇಜಿನ ಮುಂದಿನಿಂದ ಕದಲಲಿಲ್ಲ.